ಕಂಟ್ರೋಲ್‌ನಲ್ಲಿ ಪಿಎಚ್‌ಡಿ: ಸ್ವೀಡನ್ನೋ, ಬೆಂಗಳೂರೋ, ಇಲ್ಲಾ ಕಂಪನಿ ಕೆಲಸವೋ?

ಶೋರಾಪುರದ_ಮಗಳು

ಎಲ್ಲರಿಗೂ ನಮಸ್ಕಾರ್ರಿ. ನಾನು ಎಂ.ಟೆಕ್ ಕೊನೇ ಸೆಮಿಸ್ಟರ್ ಅದೀನಿ, ಕಂಟ್ರೋಲ್ ಸಿಸ್ಟಮ್ಸ್, ಅಂದ್ರ ಯಂತ್ರಗಳು ತಮ್ಮನ್ನ ತಾವ ತಿದ್ದಿಕೊಂಡು ನಡಿಯೋ ಹಂಗ ಮಾಡೋ ವಿದ್ಯೆ. ನಮ್ಮ ಹೊಲ ನಾರಾಯಣಪುರ ಎಡದಂಡೆ ಕಾಲುವೆ ಅಚ್ಚುಕಟ್ಟಿನಾಗ ಬರ್ತದ. ಆ ಕಾಲುವೆಗೆ ದೂರದಿಂದ ನೋಡಿ ನಡಸೋ ಸ್ಕಾಡಾ ಗೇಟ್ ಕೂಡ್ರಿಸಿದ ಮ್ಯಾಲ ಗೇಟು ತಾನ ಏಳ್ತದ, ತಾನ ಇಳೀತದ. ಮ್ಯಾಲ ಸೋಲಾರ್ ಪ್ಯಾನೆಲ್ಲು, ಬಾಜೂಕ ರೇಡಿಯೋ ಕಂಬ. ಎಷ್ಟು ಏಳಬೇಕು ಅಂತ ಲೆಕ್ಕ ಹಾಕೋರು ಯಾರು ಅಂತ ಹುಡುಕಿಕೋತ ಹೋಗಿ ಸೈಬರ್-ಫಿಸಿಕಲ್ ಸಿಸ್ಟಮ್ಸ್ (ಕಂಪ್ಯೂಟರ್, ನೆಟ್‌ವರ್ಕ್ ಸೇರಿ ನಿಜವಾದ ಯಂತ್ರ ನಡಸೋ ವ್ಯವಸ್ಥೆ) ಅನ್ನೋ ವಿಷಯಕ್ಕ ಬಂದು ನಿಂತೀನಿ. ನನ್ನ ಪ್ರಾಜೆಕ್ಟೂ ಅದರ ಮ್ಯಾಲೇ ಅದ: ಸೆನ್ಸರ್ ಸುಳ್ಳು ಹೇಳಿದ್ರ ಕಂಟ್ರೋಲರ್‌ಗೆ ಹ್ಯಾಂಗ ಗೊತ್ತಾಗಬೇಕು ಅಂತ.

ಈಗ ಸ್ವೀಡನ್ನಿನ ಒಂದು ಯುನಿವರ್ಸಿಟಿಯ ಪಿಎಚ್‌ಡಿ ಜಾಹೀರಾತು ನೋಡೀನಿ, ವಿಷಯ ಸರೀ ನಂದೇ. ಐಐಎಸ್‌ಸಿಗೂ ಅರ್ಜಿ ಹಾಕೀನಿ. ಇದರ ನಡುವ ಕ್ಯಾಂಪಸ್‌ನಾಗ ಬೆಂಗಳೂರಿನ ಒಂದು ಆಟೊಮೇಷನ್ ಕಂಪನಿ ಆಫರ್ ಕೊಟ್ಟದ. ಅಪ್ಪ ಏನೂ ಅನ್ನಂಗಿಲ್ಲ, ಆದ್ರ ಅವ್ವ "ಇನ್ನೂ ಎಷ್ಟ್ ವರ್ಷ ಓದ್ತಿ" ಅಂತ ಕೇಳ್ತಾಳ. ಯುನಿವರ್ಸಿಟಿ ರಿಸರ್ಚ್ ನಂಬಿಕೊಂಡು ಜೀವನ ಮಾಡಬಹುದೇನ್ರಿ? ಪಿಎಚ್‌ಡಿ ಆದ ಮ್ಯಾಲ ಮುಂದೇನು? ಈ ದಾರಿಯಾಗ ಇರೋರು ಬಿಚ್ಚಿ ಹೇಳ್ರಿ.


ಉತ್ತರಧ್ರುವ

ನಾನು ಶಿವಮೊಗ್ಗದವಳು, ಸ್ವೀಡನ್ನಿನಲ್ಲಿ ಇದೇ ಕ್ಷೇತ್ರದಲ್ಲಿ ಪಿಎಚ್‌ಡಿ ಮಾಡ್ತಾ ಇದೀನಿ. ಅಮ್ಮನಿಗೆ ಮೊದಲು ಹೇಳಬೇಕಾದ ಮಾತು: ಇಲ್ಲಿ ಪಿಎಚ್‌ಡಿ ಅಂದ್ರೆ ಓದು ಅಲ್ಲ, ಕೆಲಸ. ಫೀಸ್ ಇಲ್ಲ, ಸಂಬಳ ಇದೆ. ನೇಮಕಾತಿ ಪತ್ರ, ಪಿಂಚಣಿ ಕೊಡುಗೆ, ವರ್ಷದ ರಜೆ, ಮಗುವಾದರೆ ಹೆರಿಗೆ-ಪಾಲನೆ ರಜೆ ಎಲ್ಲ ಇರುತ್ತೆ. ಸಂಬಳ ತಿಂಗಳಿಗೆ 30 ಸಾವಿರ ಕ್ರೋನಾ ದಾಟುತ್ತೆ, ಅದರಲ್ಲಿ ತೆರಿಗೆ ಹೋಗುತ್ತೆ. ಒಬ್ಬರ ಊಟ, ಬಾಡಿಗೆ ಕಳೆದು ಮನೆಗೂ ಸ್ವಲ್ಪ ಕಳಿಸಬಹುದು. ಸ್ಟಾಕ್‌ಹೋಮಿನಲ್ಲಿ ಬಾಡಿಗೆ ಮನೆ ಸಿಗೋದೇ ದೊಡ್ಡ ಪಾಡು, ದಕ್ಷಿಣದ ಲುಂಡ್ ಊರಲ್ಲಿ ಸ್ವಲ್ಪ ಪರವಾಗಿಲ್ಲ.

ಅವಧಿ ನಾಲ್ಕು ವರ್ಷದ ಪೂರ್ಣ ಸಂಶೋಧನೆ. ಜೊತೆಗೆ ನೂರಕ್ಕೆ 20ರವರೆಗೆ ಲ್ಯಾಬ್ ನಡೆಸೋದು, ಪಾಠಕ್ಕೆ ಸಹಾಯ ಮಾಡೋದು ಸೇರಿಸ್ತಾರೆ. ಹಾಗಾಗಿ ಒಟ್ಟು ಐದು ವರ್ಷ ಅಂತ ಇಟ್ಕೊಳ್ಳಿ. ನಡುವೆ ಲೈಸೆನ್ಷಿಯೇಟ್ ಅಂತ ಅರ್ಧದಾರಿಯ ಪದವಿ ಒಂದಿದೆ, ಏನೋ ಕಾರಣಕ್ಕೆ ನಿಲ್ಲಿಸಬೇಕಾಗಿ ಬಂದ್ರೂ ಬರಿಗೈಯಲ್ಲಿ ಹೊರಡೋ ಹಾಗಿಲ್ಲ.

ಕಂಟ್ರೋಲ್‌ಗೆ ಈ ದೇಶ ಹಳೇ ಮನೆ. ಲುಂಡ್‌ನಲ್ಲಿ ಕಾರ್ಲ್ ಯೋಹಾನ್ ಆಸ್ಟ್ರಮ್ 1965ರಲ್ಲಿ ಕಂಟ್ರೋಲ್ ವಿಭಾಗ ಕಟ್ಟಿದರು. ಸ್ಟಾಕ್‌ಹೋಮಿನ ಕೆಟಿಎಚ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಹೆನ್ರಿಕ್ ಯೊಹಾನ್ಸನ್, ಹೆನ್ರಿಕ್ ಸ್ಯಾಂಡ್‌ಬರ್ಗ್ ಅವರ ಗುಂಪುಗಳು ನೆಟ್‌ವರ್ಕ್ ಮೇಲಿನ ಕಂಟ್ರೋಲ್, ಅದರ ಭದ್ರತೆ ಎರಡರಲ್ಲೂ ತುಂಬ ಕೆಲಸ ಮಾಡಿವೆ. ವಾಲೆನ್‌ಬರ್ಗ್ ಫೌಂಡೇಶನ್ 2015ರಲ್ಲಿ ಶುರುಮಾಡಿದ ವಾಸ್ಪ್ ಅನ್ನೋ ಎಐ ಮತ್ತು ಸ್ವಯಂಚಾಲಿತ ವ್ಯವಸ್ಥೆಗಳ ಸಂಶೋಧನಾ ಕಾರ್ಯಕ್ರಮದ ದುಡ್ಡಿನಿಂದ ಬಹಳಷ್ಟು ಪಿಎಚ್‌ಡಿ ಹುದ್ದೆಗಳು ಬರ್ತಾ ಇವೆ.

ಕೊನೆಯ ಘಟ್ಟವನ್ನ ಹತ್ತಿರದಿಂದ ನೋಡಿದ್ದು ಹೇಳ್ತೀನಿ. ಡಿಫೆನ್ಸ್‌ಗೆ, ಅಂದ್ರೆ ಥೀಸಿಸ್ ಸಮರ್ಥಿಸೋ ಬಹಿರಂಗ ಪರೀಕ್ಷೆಗೆ, ಮೂರು ವಾರ ಮುಂಚೆ ಥೀಸಿಸ್ ಪ್ರಕಟಿಸಬೇಕು. ಅದನ್ನ ಇಲ್ಲಿ ನಿಜವಾಗ್ಲೂ ಸುತ್ತಿಗೆ ಹಿಡಿದು ಹಲಗೆಗೆ ಮೊಳೆ ಹೊಡೆದು ನೇತುಹಾಕ್ತಾರೆ. ಪುಸ್ತಕದ ಮೂಲೆಯಲ್ಲಿ ತೂತು ಕೊರೆದಿರ್ತಾರೆ, ವಿಭಾಗದವರೆಲ್ಲ ಸುತ್ತ ನಿಂತು ಕಾಫಿ ಕುಡೀತಾರೆ. ಡಿಫೆನ್ಸ್ ದಿನ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬ ಆಪೊನೆಂಟ್ ಬಂದು ಎಲ್ಲರೆದುರಿಗೆ ಪ್ರಮೇಯ ಪ್ರಮೇಯವಾಗಿ ಪ್ರಶ್ನೆ ಹಾಕ್ತಾರೆ. ಯಾರು ಬೇಕಾದ್ರೂ ಕೂತು ಕೇಳಬಹುದು. ಅಲ್ಲಿ ಮುಚ್ಚಿಡೋಕೆ ಏನೂ ಇರಲ್ಲ, ಅದು ನನಗೆ ತುಂಬ ಇಷ್ಟ.


ಮರಳಿಗೂಡು

ಮೇಲಿನವರು ಹೇಳಿದ್ದು ಎಲ್ಲ ಸರಿ, ಆದರೆ ಅದು ಮೊದಲ ಐದು ವರ್ಷದ ಮಾತು. ಆಮೇಲಿನದನ್ನು ನಾನು ಹೇಳ್ತೀನಿ.

ನಾನು ಜರ್ಮನಿಯಲ್ಲಿ ಪಿಎಚ್‌ಡಿ ಮಾಡಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಆಗಿದ್ದವನು, ಈಗ ಬೆಂಗಳೂರಿನಲ್ಲಿ ವಾಹನಗಳ ಬ್ರೇಕ್ ಕಂಟ್ರೋಲ್ ಕೆಲಸ. ಅಲ್ಲೂ ಪಿಎಚ್‌ಡಿ ನೌಕರಿಯೇ, ಅಲ್ಲಿನ ಸಾರ್ವಜನಿಕ ವೇತನ ಪಟ್ಟಿಯ ಇ-13 ದರ್ಜೆಯ ಸಂಬಳ, ಎಂಜಿನಿಯರಿಂಗ್‌ನಲ್ಲಿ ಸಾಮಾನ್ಯವಾಗಿ ಅರ್ಧ-ಮುಕ್ಕಾಲಲ್ಲ, ಪೂರ್ತಿ ಕೊಡ್ತಾರೆ. ಆದರೆ ಪ್ರತಿ ಕಾಗದದ ಮೇಲೂ ಕೊನೇ ದಿನಾಂಕ ಇರುತ್ತೆ. ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆದ ಮೇಲೆ ಆರು ವರ್ಷ, ಅಷ್ಟರೊಳಗೆ ಖಾಯಂ ಆಗದಿದ್ದರೆ ಆ ಬಗೆಯ ತಾತ್ಕಾಲಿಕ ಕರಾರು ಮುಂದುವರಿಸೋಕೆ ಅಲ್ಲಿನ ಕಾನೂನೇ ಬಿಡಲ್ಲ. ಒಬ್ಬ ಪ್ರೊಫೆಸರ್ ತಮ್ಮ ಸರ್ವಿಸ್‌ನಲ್ಲಿ ಹತ್ತಾರು ಡಾಕ್ಟರ್‌ಗಳನ್ನ ತಯಾರು ಮಾಡ್ತಾರೆ, ಅವರು ನಿವೃತ್ತರಾದಾಗ ಖಾಲಿ ಆಗೋದು ಒಂದೇ ಕುರ್ಚಿ. ಉಳಿದವರೆಲ್ಲ ಎಲ್ಲಿಗೆ ಹೋಗ್ತಾರೆ? ಹೆಚ್ಚಿನವರು ಕಂಪನಿಗೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಯುನಿವರ್ಸಿಟಿಯಲ್ಲೇ ಉಳೀತೀನಿ ಅಂತ ಲೆಕ್ಕ ಹಾಕಿ ಹೊರಡಬೇಡಿ.

ಪೋಸ್ಟ್‌ಡಾಕ್ ಅಂದ್ರೆ ಎರಡು ವರ್ಷಕ್ಕೊಮ್ಮೆ ಊರು ಬದಲಾಯಿಸೋದು. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ಬಲು ಒಳ್ಳೇದು, ಆದರೆ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಆ ದೇಶದಲ್ಲಿ ಇದ್ದಿರಬಾರದು ಅನ್ನೋದು ನಿಯಮ. ಅಂದ್ರೆ ಗಂಟುಮೂಟೆ ಕಟ್ಟಲೇಬೇಕು. ಮದುವೆ, ಮಕ್ಕಳು, ಊರಲ್ಲಿ ವಯಸ್ಸಾದ ತಂದೆ-ತಾಯಿ, ಇದೆಲ್ಲ ಬರೋದೂ ಅದೇ ವಯಸ್ಸಿನಲ್ಲಿ.

ನನ್ನ ಸಲಹೆ: ಕಂಪನಿ ಆಫರ್ ತಗೊಳ್ಳಿ, ಎರಡು ವರ್ಷ ನಿಜವಾದ ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸೋ ಕಂಪ್ಯೂಟರ್) ಮುಟ್ಟಿ, ಆಮೇಲೂ ಹಂಬಲ ಇದ್ರೆ ಪಿಎಚ್‌ಡಿಗೆ ಹೋಗಿ. ಉದ್ಯಮದ ಅನುಭವ ಇದ್ದವರನ್ನ ಗೈಡ್‌ಗಳು ಬೇಡ ಅನ್ನಲ್ಲ.


ಮೇಷ್ಟ್ರಮ್ಮ

ಮರಳಿಗೂಡು ಅವರೇ, ಎರಡು ವರ್ಷ ಬಿಟ್ಟು ವಾಪಸ್ ಬರ್ತೀನಿ ಅಂತ ಹೋದ ನನ್ನ ವಿದ್ಯಾರ್ಥಿನಿಯರಲ್ಲಿ ವಾಪಸ್ ಬಂದವರು ತೀರಾ ಕಡಿಮೆ. ಹುಡುಗರ ವಿಷಯ ಬೇರೆ. ಹುಡುಗಿಗೆ ಆ ಎರಡು ವರ್ಷದಲ್ಲಿ ಮನೆಯವರು ಗಂಡು ನೋಡಿಬಿಡ್ತಾರೆ. ಅದಕ್ಕೇ ನಾನು ಹೇಳೋದು, ಮನಸ್ಸಿದ್ದರೆ ಈಗಲೇ ಹೋಗಮ್ಮ.

ನಮ್ಮ ದೇಶದ ಲೆಕ್ಕವನ್ನೂ ತಿಳ್ಕೊ. 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿಯ ಮೊದಲ ಹಂತದ ಫೆಲೋಶಿಪ್) ತಿಂಗಳಿಗೆ 37,000, ಎರಡು ವರ್ಷದ ನಂತರ ಮೇಲಿನ ಹಂತದ ಎಸ್‌ಆರ್‌ಎಫ್ 42,000, ಅದರ ಮೇಲೆ ಹಾಸ್ಟೆಲ್ ಇಲ್ಲವೇ ಎಚ್‌ಆರ್‌ಎ. ಪ್ರಧಾನಮಂತ್ರಿ ಫೆಲೋಶಿಪ್ ಸಿಕ್ಕಿದವರಿಗೆ 70,000ದಿಂದ ಶುರುವಾಗಿ 80,000ದವರೆಗೆ ಹೋಗಿದೆ. ಕಾಗದದ ಮೇಲೆ ಚೆನ್ನಾಗಿದೆ. ಕೆಲವು ಕಡೆ ಸ್ಟೈಪೆಂಡ್ ತಿಂಗಳುಗಟ್ಟಲೆ ತಡವಾಗುತ್ತೆ, ಮೆಸ್ ಬಿಲ್ ಕಟ್ಟೋಕೆ ಮಕ್ಕಳು ಸಾಲ ಮಾಡೋದನ್ನ ನೋಡಿ ನನಗೆ ಸಿಟ್ಟು ಬಂದಿದೆ. ಹಾಗಾಗಿ ಸೇರೋ ಮೊದಲು ಅಲ್ಲಿರೋ ವಿದ್ಯಾರ್ಥಿಗಳನ್ನ ನೇರವಾಗಿ ಕೇಳು: ಕಳೆದ ತಿಂಗಳ ದುಡ್ಡು ಯಾವತ್ತು ಬಂತು?

ಜಾಗಗಳು ಈಗ ಮೊದಲಿಗಿಂತ ಹೆಚ್ಚಿವೆ. ಐಐಎಸ್‌ಸಿಯ ರಾಬರ್ಟ್ ಬಾಷ್ ಸೆಂಟರ್ 2011ರಿಂದ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಹೆಸರಿನಲ್ಲೇ ಇದೆ. ಐಐಟಿ ಬಾಂಬೆಯಲ್ಲಿ ಸಿಸ್ಟಮ್ಸ್ ಅಂಡ್ ಕಂಟ್ರೋಲ್ ಅಂತಲೇ ಪ್ರತ್ಯೇಕ ಕೇಂದ್ರ. ಐಐಟಿ ಕಾನ್ಪುರದ ಸಂಶೋಧನಾ ಹಬ್ ಸೈಬರ್-ಫಿಸಿಕಲ್ ಭದ್ರತೆಗೇ ಮೀಸಲು, ನಿನ್ನ ಪ್ರಾಜೆಕ್ಟಿಗೆ ಹತ್ತಿರ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಈ ಕ್ಷೇತ್ರಕ್ಕೇ 3,660 ಕೋಟಿಯ ರಾಷ್ಟ್ರೀಯ ಮಿಷನ್ ಒಪ್ಪಿದ ಮೇಲೆ ಇಂಥ 25 ಹಬ್‌ಗಳು ಬಂದವು. ಎಐ, ರೊಬಾಟಿಕ್ಸ್ ಕೆಲಸ ಮಾಡೋ ಬೆಂಗಳೂರಿನ ಆರ್ಟ್‌ಪಾರ್ಕ್ ಕೂಡ ಅದರಲ್ಲೊಂದು. ಒಂದು ಎಚ್ಚರ: ಹಬ್‌ನಲ್ಲಿ ಪ್ರಾಜೆಕ್ಟ್ ಹುದ್ದೆ ಬೇರೆ, ಪಿಎಚ್‌ಡಿ ರಿಜಿಸ್ಟ್ರೇಶನ್ ಬೇರೆ. "ಮೊದಲು ಪ್ರಾಜೆಕ್ಟ್‌ಗೆ ಸೇರು, ಆಮೇಲೆ ನೋಡೋಣ" ಅಂದರೆ ಆ "ಆಮೇಲೆ" ಯಾವಾಗ ಅಂತ ಬರವಣಿಗೆಯಲ್ಲಿ ಕೇಳು.

ಎಲ್ಲಕ್ಕಿಂತ ದೊಡ್ಡದು ಗೈಡ್. ವಿಶ್ವವಿದ್ಯಾಲಯದ ರ‍್ಯಾಂಕ್ ನೋಡಿ ಹೋದವರು ಅಳೋದನ್ನ, ಸಣ್ಣ ಜಾಗದಲ್ಲಿ ಒಳ್ಳೇ ಗೈಡ್ ಸಿಕ್ಕಿ ಅರಳಿದವರನ್ನ ಎರಡೂ ನೋಡಿದ್ದೀನಿ. ಗುಂಪಿನ ಇತ್ತೀಚಿನ ಥೀಸಿಸ್‌ಗಳನ್ನ ತೆಗೆದು ನೋಡು. ಎಷ್ಟು ವರ್ಷಕ್ಕೆ ಮುಗಿಸಿದ್ದಾರೆ, ಆಮೇಲೆ ಎಲ್ಲಿದ್ದಾರೆ? ಮೊದಲ ಹೆಸರು ವಿದ್ಯಾರ್ಥಿಯದೇ? ಅರ್ಧಕ್ಕೆ ಬಿಟ್ಟುಹೋದವರು ಯಾರಾದರೂ ಇದ್ದರೆ ಅವರಿಗೂ ಒಂದು ಮೇಲ್ ಹಾಕು, ಉತ್ತರ ಬಂದೇ ಬರುತ್ತೆ.


ಕಾಲುವೆ_ಇಂಜಿನಿಯರ್

ತಂಗಿ, ನಾನು ನೀರಾವರಿ ಇಲಾಖೆಯವನು. ಯಾವ ಕಾಲುವೆ ಅಂತ ಹೇಳಲ್ಲ. ನಿಮ್ಮ ಪೇಪರ್‌ಗಳಲ್ಲಿ ವೈ ಅಂತ ಒಂದು ಅಕ್ಷರ ಇರ್ತದಲ್ಲ, ನೀರಿನ ಮಟ್ಟ, ಅದು ಫೀಲ್ಡ್‌ನಲ್ಲಿ ಏನು ಅಂತ ಹೇಳ್ತೀನಿ. ಗೇಟಿನ ಪಕ್ಕ ಒಂದು ಕೊಳವೆ, ಅದರೊಳಗೆ ಸೆನ್ಸರ್. ಮಳೆಗಾಲದಲ್ಲಿ ಹೂಳು ಬಂದು ಕೊಳವೆಯ ಬಾಯಿ ಅರ್ಧ ಮುಚ್ಚಿಕೊಳ್ತದೆ. ಆವಾಗ ಕಾಲುವೆಯಲ್ಲಿ ನೀರು ಇಳಿದರೂ ಕೊಳವೆಯೊಳಗೆ ನಿಧಾನಕ್ಕೆ ಇಳಿಯುತ್ತೆ. ಸೆನ್ಸರ್ ಸುಳ್ಳು ಹೇಳ್ತಾ ಇಲ್ಲ, ಅದು ಕೊಳವೆಯ ನೀರನ್ನ ಸರಿಯಾಗೇ ಅಳೀತಿದೆ. ಕಾಲುವೆಯ ನೀರು ಮಾತ್ರ ಅದಲ್ಲ. ಇನ್ನೊಂದು ಕಡೆ ಗೇಟಿನ ಅಂಚಿಗೆ ಜೊಂಡು ಸಿಕ್ಕಿಕೊಂಡಿರ್ತದೆ, ಗೇಟ್ ಮುಚ್ಚಿದೆ ಅಂತ ಸ್ಕ್ರೀನ್ ತೋರಿಸಿದರೂ ನೀರು ಹರೀತಾನೇ ಇರ್ತದೆ. ಬೇಸಿಗೆಯಲ್ಲಿ ರಾತ್ರಿ ಹೊತ್ತು ಪಂಪ್ ಇಟ್ಟು ನೀರೆತ್ತೋರೂ ಇದಾರೆ. ಅವರನ್ನ ಕಳ್ಳರು ಅನ್ನೋಕೆ ನನಗೆ ಬಾಯಿ ಬರಲ್ಲ, ಅವರ ಹೊಲ ಒಣಗ್ತಿರ್ತದೆ.

ನಿಮ್ಮ ಅಲ್ಗಾರಿದಮ್ ಈ ಮೂರನ್ನೂ ಒಂದರಿಂದ ಒಂದು ಬೇರೆ ಮಾಡಿ ತೋರಿಸಿದರೆ ನಮ್ಮ ಸೆಕ್ಷನ್‌ನವರು ಓಡಾಡೋದು ಅರ್ಧ ಕಡಿಮೆ ಆಗುತ್ತೆ. ವಿಶ್ವೇಶ್ವರಯ್ಯನವರು 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ತಾನಾಗಿ ತೆರೆದುಕೊಳ್ಳೋ ಗೇಟ್ ಕೂರಿಸಿದ್ರು, ಕರೆಂಟಿಲ್ಲದೆ, ರೇಡಿಯೋ ಇಲ್ಲದೆ. ಅದಕ್ಕೆ ಸುಳ್ಳು ಸಿಗ್ನಲ್ ಕಳಿಸೋ ದಾರಿಯೇ ಇರಲಿಲ್ಲ. ಈಗ ದಾರಿ ಇದೆ, ಅದಕ್ಕೇ ನಿಮ್ಮಂಥವರು ಬೇಕು.


ಲ್ಯಾಪುನೋವ್_ಭಕ್ತ

ಇಂಜಿನಿಯರ್ ಸಾಹೇಬರು ಬರೆದದ್ದನ್ನ ಎರಡು ಸಲ ಓದಿದೆ. ಇದು ಮೂರು ಥೀಸಿಸ್‌ಗೆ ಸಾಲುವ ಪ್ರಶ್ನೆ. ನಾನು ಥಿಯರಿ ಮನುಷ್ಯ, ಸದ್ಯ ಪೋಸ್ಟ್‌ಡಾಕ್. ನಿಮ್ಮ ಕಾಲುವೆ ಕಂಟ್ರೋಲ್‌ನವರಿಗೆ ಏಕೆ ಇಷ್ಟು ಪ್ರಿಯ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ವೃತ್ತಿಯಲ್ಲಿ ದಿನವಿಡೀ ನಾವು ಮಾಡೋದು ಇದನ್ನೇ.

ಎರಡು ಗೇಟುಗಳ ನಡುವಿನ ಕಾಲುವೆಯನ್ನ ಒಂದು ಪೂಲ್ ಅಂತಾರೆ. ಮೇಲಿನ ಗೇಟಿನಿಂದ ಬಿಟ್ಟ ನೀರು ಪೂಲಿನ ಕೆಳತುದಿ ತಲುಪೋಕೆ ಹೊತ್ತು ಹಿಡಿಯುತ್ತೆ, ಕೆಲವು ನಿಮಿಷದಿಂದ ಹಿಡಿದು ಉದ್ದದ ಪೂಲಾದರೆ ಇನ್ನೂ ಹೆಚ್ಚು. ಮಟ್ಟ ಏರುವ ವೇಗ ಅಂದ್ರೆ ಒಳಬಂದದ್ದರಲ್ಲಿ ಹೊರಹೋದದ್ದನ್ನ ಕಳೆದು ಪೂಲಿನ ವಿಸ್ತೀರ್ಣದಿಂದ ಭಾಗಿಸಿದ್ದು. ಒಂದು ಇಂಟಿಗ್ರೇಟರ್ (ಕೂಡಿಡ್ತಾ ಹೋಗೋದು), ಒಂದು ಡಿಲೇ (ತಡ), ಅಷ್ಟೇ. ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ವೇಯರ್, ಐವೆನ್ ಮರೀಲ್ಸ್, ಮೈಕೆಲ್ ಕ್ಯಾಂಟೋನಿ ಮುಂತಾದವರು ಆಸ್ಟ್ರೇಲಿಯಾದ ಕಾಲುವೆಗಳಲ್ಲಿ ನಿಜವಾದ ಡೇಟಾ ಹಿಡಿದು ನೋಡಿದಾಗ ಇಷ್ಟು ಸರಳ ಮಾದರಿಯೇ ಕಂಟ್ರೋಲ್‌ಗೆ ಸಾಕಾಯಿತು. ಅಲೆಗಳ ಪೂರ್ತಿ ಸಮೀಕರಣ ಬೇಕಾಗಲಿಲ್ಲ. ಅವರ ಗುಂಪು 2007ರಲ್ಲಿ ಬರೆದ ದೊಡ್ಡ ಲೇಖನವೊಂದಿದೆ, ಎಂ.ಟೆಕ್‌ನವರಿಗೆ ಪೂರ್ತಿ ಅರ್ಥವಾಗುತ್ತೆ.

ಈಗ ತೊಡಕು ನೋಡಿ. ಕೊನೇ ಪೂಲಿನಲ್ಲಿ ರೈತರೊಬ್ಬರು ತೂಬು ತೆಗೆದರು. ಅಲ್ಲಿ ಮಟ್ಟ ಇಳೀತು. ಅದರ ಮೇಲಿನ ಗೇಟ್ ಹೆಚ್ಚು ತೆರೆದುಕೊಳ್ಳುತ್ತೆ, ಆ ನೀರು ತನ್ನ ಮೇಲಿನ ಪೂಲಿನಿಂದಲೇ ಬರಬೇಕು, ಅಲ್ಲೂ ಮಟ್ಟ ಇಳಿಯುತ್ತೆ, ಇನ್ನೂ ಮೇಲಿನ ಗೇಟ್ ತೆರೆಯುತ್ತೆ. ಪ್ರತಿ ಪೂಲಿನಲ್ಲೂ ಡಿಲೇ ಇರೋದರಿಂದ ಪ್ರತಿ ಗೇಟೂ ಸ್ವಲ್ಪ ಜಾಸ್ತಿಯೇ ತೆರೆಯುತ್ತೆ. ಬಾಲದಲ್ಲಿ ಸಣ್ಣದಾಗಿದ್ದ ಏರಿಳಿತ ತಲೆಯ ಹತ್ತಿರ ಹೋಗೋ ಹೊತ್ತಿಗೆ ದೊಡ್ಡದಾಗಿರುತ್ತೆ. ಒಂದೊಂದು ಗೇಟನ್ನ ಎಷ್ಟೇ ಜಾಣತನದಿಂದ ಟ್ಯೂನ್ ಮಾಡಿ, ಸಾಲಾಗಿ ಜೋಡಿಸಿದಾಗ ಅದು ಬೆಳೆಯುತ್ತೆ. ಗೇಟುಗಳು ಒಂದಕ್ಕೊಂದು ಮಾತಾಡಿಕೊಂಡರೆ, ಅಂದರೆ ಕೆಳಗಿನ ಗೇಟ್ ಎಷ್ಟು ನೀರು ಬಿಡ್ತಿದೆ ಅಂತ ಮೇಲಿನದಕ್ಕೆ ಮೊದಲೇ ತಿಳಿದರೆ, ಸಾಕಷ್ಟು ಹತೋಟಿಗೆ ಬರುತ್ತೆ. ಆದರೆ ಮಾತಾಡೋಕೆ ರೇಡಿಯೋ ಬೇಕು. ರೇಡಿಯೋ ಬಂದ ಕೂಡಲೇ ಪ್ಯಾಕೆಟ್ ಕಳೆದುಹೋಗೋದು, ಯಾರೋ ನಡುವೆ ಕೈಹಾಕೋದು ಎಲ್ಲ ಬಂತು. ಸಾಲಾಗಿ ಓಡೋ ಲಾರಿಗಳಲ್ಲೂ ಇದೇ ಗಣಿತ, ಮುಂದಿನ ಲಾರಿಯ ಸಣ್ಣ ಬ್ರೇಕ್ ಹಿಂದಿನದಕ್ಕೆ ದೊಡ್ಡ ಬ್ರೇಕ್. ಕೆಟಿಎಚ್‌ನವರು ಸ್ಕೇನಿಯಾ ಜೊತೆ ಸೇರಿ ಹೆದ್ದಾರಿಯಲ್ಲಿ ಮಾಡಿದ್ದು ಆ ಕೆಲಸ.

ನಿಮ್ಮ ಸೆನ್ಸರ್ ಸುಳ್ಳಿನ ವಿಷಯಕ್ಕೆ ಬಂದ್ರೆ, ಸೌರಭ್ ಅಮೀನ್ ಮತ್ತು ಸಂಗಡಿಗರು ದಕ್ಷಿಣ ಫ್ರಾನ್ಸಿನ ಗಿನ್ಯಾಕ್ ಕಾಲುವೆಯಲ್ಲಿ ಇದನ್ನೇ ಮಾಡಿ ನೋಡಿದರು, 2013ರಲ್ಲಿ ಎರಡು ಭಾಗದಲ್ಲಿ ಪ್ರಕಟವಾಯಿತು. ನೀರೆತ್ತಿ, ಅದಕ್ಕೆ ತಕ್ಕ ಹಾಗೆ ಮಟ್ಟದ ಅಳತೆಯನ್ನೂ ತಿದ್ದಿದರೆ ಪತ್ತೆಗಾರನಿಗೆ, ಅಂದ್ರೆ ದಾಳಿ ಹಿಡಿಯೋ ಅಲ್ಗಾರಿದಮ್‌ಗೆ, ಕಾಣಿಸೋದೇ ಇಲ್ಲ ಅಂತ ತೋರಿಸಿದರು. ಇನ್ನು ಹಳೇ ಅಳತೆಗಳನ್ನ ರೆಕಾರ್ಡ್ ಮಾಡಿಟ್ಟು ಮತ್ತೆ ಹಾಕಿ ತೋರಿಸೋ ದಾಳಿಗೆ ಮೋ ಮತ್ತು ಸಿನೊಪೊಲಿ 2009ರಲ್ಲೇ ಉಪಾಯ ಹೇಳಿದ್ದರು: ಕಂಟ್ರೋಲ್ ಸಿಗ್ನಲ್‌ಗೆ ನೀವೇ ಒಂದು ಸಣ್ಣ ಗುಟ್ಟಿನ ಅಲುಗಾಟ ಸೇರಿಸಿ, ಅಳತೆಯಲ್ಲಿ ಅದು ಮರಳಿ ಕಾಣದಿದ್ದರೆ ಯಾರೋ ಮೋಸ ಮಾಡ್ತಿದಾರೆ ಅಂತ. ಮರು ವರ್ಷವೇ ಸ್ಟಕ್ಸ್‌ನೆಟ್ ಅನ್ನೋ ಕಂಪ್ಯೂಟರ್ ವರ್ಮ್ ಬೆಳಕಿಗೆ ಬಂತು. ಇರಾನಿನ ನತಾಂಜ್ ಪರಮಾಣು ಕೇಂದ್ರದ ಸೆಂಟ್ರಿಫ್ಯೂಜ್‌ಗಳನ್ನ ಕೆಡಿಸುವಾಗ ಅದು ಆಪರೇಟರ್‌ಗಳಿಗೆ ತೋರಿಸ್ತಿದ್ದದ್ದು ರೆಕಾರ್ಡ್ ಮಾಡಿಟ್ಟ ಮಾಮೂಲಿ ಅಳತೆ. ಥಿಯರಿ ಬೇಡ ಅನ್ನೋರಿಗೆ ನಾನು ಇದನ್ನೇ ಹೇಳೋದು.


ಶೋರಾಪುರದ_ಮಗಳು

ಇಷ್ಟ್ ಮಂದಿ ಇಷ್ಟ್ ಚಂದ ಬರೀತೀರಿ ಅಂತ ಅನ್ಕೊಂಡಿರ್ಲಿಲ್ರಿ. ಇಂಜಿನಿಯರ್ ಅಣ್ಣಾ, ಆ ಕೊಳವೆ ವಿಚಾರ ನನಗ ಯಾವ ಪೇಪರ್‌ನಾಗೂ ಸಿಕ್ಕಿರ್ಲಿಲ್ಲ.

ಇನ್ನೆರಡು ಅನುಮಾನ ಅವ. ಗಣಿತ ಎಷ್ಟು ಬೇಕು? ನಮ್ಮ ಕಾಲೇಜಿನಾಗ ರೂಟ್ ಲೋಕಸ್, ಬೋಡೆ, ಸ್ಟೇಟ್ ಸ್ಪೇಸ್, ಸ್ವಲ್ಪ ಆಪ್ಟಿಮಲ್ ಕಂಟ್ರೋಲ್ ಆಗ್ಯದ. ರಿಯಲ್ ಅನಾಲಿಸಿಸ್ ಮುಟ್ಟೇ ಇಲ್ಲ. ಎರಡನೇದು, ಎಲ್ಲಾ ಎಐ ಮಾಡ್ತದ, ಕಂಟ್ರೋಲ್ ಥಿಯರಿ ಇನ್ನ ಹಳೇದಾಯ್ತು ಅಂತ ಗೆಳತ್ಯಾರು ಹೇಳ್ತಾರ. ಐದು ವರ್ಷ ಬಿಟ್ಟು ಹೊರಗ ಬಂದಾಗ ಇದಕ್ಕ ಬೆಲೆ ಇರ್ತದೇನ್ರಿ?


ಲ್ಯಾಪುನೋವ್_ಭಕ್ತ

ಲೀನಿಯರ್ ಆಲ್ಜಿಬ್ರಾ ಗಟ್ಟಿ ಇರಲಿ, ಅಂದ್ರೆ ಈಗನ್‌ವ್ಯಾಲ್ಯೂ ಲೆಕ್ಕ ಹಾಕೋದಲ್ಲ, ಸಬ್‌ಸ್ಪೇಸ್ ಕಣ್ಣಿಗೆ ಕಟ್ಟಬೇಕು. ಪ್ರಾಬಬಿಲಿಟಿ ಬೇಕೇ ಬೇಕು, ಕಾನ್ವೆಕ್ಸ್ ಆಪ್ಟಿಮೈಸೇಶನ್ ಬೇಕು. ರಿಯಲ್ ಅನಾಲಿಸಿಸ್ ಅನ್ನ ಪಿಎಚ್‌ಡಿಯ ಮೊದಲ ವರ್ಷದಲ್ಲಿ ಕೋರ್ಸ್ ತಗೊಂಡು ಕಲೀಬಹುದು, ಬಹಳ ಜನ ಹಾಗೇ ಕಲ್ತಿದಾರೆ. ಇಂಟರ್‌ವ್ಯೂನಲ್ಲಿ ಅಬ್ಸರ್ವಬಿಲಿಟಿ (ಅಳತೆ ನೋಡಿ ಒಳಗಿನ ಸ್ಥಿತಿ ತಿಳಿಯೋಕಾಗೋದು) ಅಂದ್ರೇನು ಅಂತ ಕೇಳಿದಾಗ ರ‍್ಯಾಂಕ್ ಕಂಡೀಷನ್ ಒಪ್ಪಿಸಿದ್ರೆ ಸಾಲಲ್ಲ. "ಈ ಎರಡು ಆರಂಭದ ಸ್ಥಿತಿಗಳಿಂದ ಹೊರಟರೂ ಸೆನ್ಸರ್‌ನಲ್ಲಿ ಒಂದೇ ಥರ ಕಾಣುತ್ತೆ, ಅದಕ್ಕೆ ಬೇರೆ ಮಾಡೋಕಾಗಲ್ಲ" ಅಂತ ಒಂದು ಉದಾಹರಣೆ ಹಿಡಿದು ಹೇಳಿದ್ರೆ ಕೇಳುವವರ ಮುಖವೇ ಬದಲಾಗುತ್ತೆ. ನಿಮ್ಮ ಹತ್ತಿರ ಕಾಲುವೆ ಇದೆ, ಉದಾಹರಣೆಗೆ ಬರ ಇಲ್ಲ.


ಉತ್ತರಧ್ರುವ

ಎಐ ವಿಷಯಕ್ಕೆ ನಾನು ಹೇಳ್ತೀನಿ. ನಮ್ಮ ಗುಂಪಿನಲ್ಲಿ ಅರ್ಧ ಜನ ಡೇಟಾದಿಂದಲೇ ಕಂಟ್ರೋಲ್ ಮಾಡೋ ಕೆಲಸದಲ್ಲಿದ್ದಾರೆ, ಆದರೆ ಅದರ ಬೇರು ಎಲ್ಲಿದೆ ನೋಡಿ: ಯಾನ್ ವಿಲೆಮ್ಸ್ ಮತ್ತು ಸಂಗಡಿಗರು 2005ರಲ್ಲಿ ಸಾಬೀತು ಮಾಡಿದ ಒಂದು ಲೆಮ್ಮಾ, ಅಂದ್ರೆ ಸಣ್ಣ ಪ್ರಮೇಯ. ಸಾಕಷ್ಟು ಅಲುಗಾಡಿಸಿ ದಾಖಲಿಸಿದ ಒಂದೇ ಒಂದು ಓಟದ ಡೇಟಾದಿಂದ ಲೀನಿಯರ್ ಸಿಸ್ಟಮ್‌ನ ಎಲ್ಲಾ ಓಟಗಳನ್ನೂ ಕಟ್ಟಬಹುದು ಅನ್ನುತ್ತೆ ಅದು. ವರ್ಷಗಟ್ಟಲೆ ಅದನ್ನ ಓದಿದವರು ಕಡಿಮೆ. 2019ರಲ್ಲಿ ಜ್ಯೂರಿಕ್‌ನ ಕೌಲ್ಸನ್, ಲಿಗೆರೋಸ್, ಡೋರ್‌ಫ್ಲರ್ ಅದರ ಮೇಲೆ ಮುಂದಾಗೋದನ್ನ ಊಹಿಸಿ ನಡೆಸೋ ಪ್ರೆಡಿಕ್ಟಿವ್ ಕಂಟ್ರೋಲ್ ಕಟ್ಟಿದ ಮೇಲೆ ಎಲ್ಲರೂ ಆ ಕಡೆ ನುಗ್ಗಿದ್ರು. ಹಳೇದಾಯ್ತು ಅಂತ ಬದಿಗಿಟ್ಟದ್ದೇ ಹೊಸದಾಗಿ ಬಂತು. ನ್ಯೂರಲ್ ನೆಟ್‌ವರ್ಕ್ ಗೇಟ್ ನಡೆಸಲಿ, ಬೇಡ ಅನ್ನಲ್ಲ. ಅದು ಕಾಲುವೆ ಏರಿ ಒಡೆಯಲ್ಲ ಅಂತ ಯಾರು ಸಹಿ ಹಾಕ್ತಾರೆ? ಆ ಸಹಿಗೆ ಆಧಾರ ಹುಡುಕೋದು ನಮ್ಮ ಕೆಲಸ, ಮತ್ತೆ ಅದಕ್ಕೆ ಬೇಡಿಕೆ ಹೆಚ್ತಾನೇ ಇದೆ.


ಹಾರುಹಕ್ಕಿ_52

ನಾನು ನಿವೃತ್ತ, ಬೆಂಗಳೂರಿನಲ್ಲಿ ವಿಮಾನಗಳ ಫ್ಲೈಟ್ ಕಂಟ್ರೋಲ್ ಕ್ಷೇತ್ರದಲ್ಲಿ ಕೆಲಸ ಮಾಡಿದವನು. ಮಕ್ಕಳೇ, ಎಲ್ಲರೂ ಸ್ವೀಡನ್, ಜರ್ಮನಿ ಅಂತಿದ್ದೀರಿ, ಸಂತೋಷ. ಈ ನೆಲದಲ್ಲಿ ನಡೆದದ್ದನ್ನೂ ಒಂದು ಮಾತು ಕೇಳಿ.

ತೇಜಸ್ ವಿಮಾನವನ್ನ ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದು. ಕಂಪ್ಯೂಟರ್ ಸುಮ್ಮನಾದರೆ ಯಾವ ಪೈಲಟ್ ಕೈಲೂ ಅದನ್ನ ಹಿಡಿಯೋಕೆ ಆಗಲ್ಲ. ಅದಕ್ಕೇ ನಾಲ್ಕು ಪಟ್ಟಿನ ಡಿಜಿಟಲ್ ಫ್ಲೈ-ಬೈ-ವೈರ್, ಅಂದ್ರೆ ಪೈಲಟ್ ಮತ್ತು ರೆಕ್ಕೆಯ ನಡುವೆ ಕಂಪ್ಯೂಟರ್. ಅದರ ಕೆಲಸದಲ್ಲಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ನೆರವು ಇತ್ತು. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆಯ್ತು, ನಿರ್ಬಂಧ ಬಂತು, ನಮ್ಮವರು ಅಲ್ಲಿಂದ ಹೊರಡಬೇಕಾಯ್ತು. ಕಂಟ್ರೋಲ್ ಲಾ (ಆ ಕಂಪ್ಯೂಟರ್ ಪಾಲಿಸೋ ನಿಯಂತ್ರಣ ಸೂತ್ರ) ಇಲ್ಲೇ ಎನ್‌ಎಎಲ್ (ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ) ಮತ್ತು ಇತರ ಸಂಸ್ಥೆಗಳ ರಾಷ್ಟ್ರೀಯ ತಂಡ ಪೂರ್ತಿ ಮಾಡಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನಿಂದ ಮೊದಲ ಹಾರಾಟ ಮಾಡಿದರು. ಆ ತಂಡದಲ್ಲಿ ವಿದೇಶದಲ್ಲಿ ಕಲಿತು ಬಂದವರೂ ಇದ್ದರು, ಐಐಎಸ್‌ಸಿ ಬಿಟ್ಟು ಆಚೆ ಹೋಗದವರೂ ಇದ್ದರು.

ಮಗಳಿಗೆ ಇದರಲ್ಲಿ ಉಪಯೋಗದ ಮಾತು ಒಂದಿದೆ. ನಿನ್ನ ವಿಷಯ ಭದ್ರತೆಯದ್ದು. ದಾಳಿ ಹೇಗೆ ಮಾಡಬಹುದು ಅಂತ ತಿಳಿದವರ ಮೇಲೆ ಎಲ್ಲ ದೇಶಗಳೂ ಕಣ್ಣಿಡ್ತವೆ. ಕೆಲವು ಲ್ಯಾಬ್‌ಗಳಿಗೆ, ಕೆಲವು ಡೇಟಾಗಳಿಗೆ ವಿದೇಶಿಯರಿಗೆ ಪ್ರವೇಶ ಇರೋದಿಲ್ಲ. ಸೇರುವ ಮೊದಲೇ ಕೇಳು, ನಾನು ಕೆಲಸ ಮಾಡೋ ಪ್ಲಾಂಟಿನ ನಿಜವಾದ ಡೇಟಾ ನನ್ನ ಕೈಗೆ ಬರುತ್ತಾ ಅಂತ. ಬರೀ ಸಿಮ್ಯುಲೇಷನ್ ಮೇಲೆ ಐದು ವರ್ಷ ಕಳೆದರೆ ಪೇಪರ್ ಬರಬಹುದು, ಕೈ ಪಳಗೋದಿಲ್ಲ.


ಮರಳಿಗೂಡು

ಹಿರಿಯರ ಕೊನೇ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಟೆಸ್ಟ್‌ಬೆಡ್ (ಪ್ರಯೋಗಕ್ಕಂತ ಕಟ್ಟಿದ ನಿಜವಾದ ಘಟಕ) ಇಲ್ಲದ ಗುಂಪಾದರೆ ಟೆಸ್ಟ್‌ಬೆಡ್ ಇರೋ ಗುಂಪಿನ ಜೊತೆ ನಂಟಿದೆಯಾ ನೋಡಿ. ಸಿಂಗಪುರದ ಎಸ್‌ಯುಟಿಡಿ ವಿಶ್ವವಿದ್ಯಾಲಯದಲ್ಲಿ ಆರು ಹಂತದ ನೀರು ಶುದ್ಧೀಕರಣ ಘಟಕವನ್ನೇ 2015ರಲ್ಲಿ ದಾಳಿಗಳ ಪ್ರಯೋಗಕ್ಕಂತ ಕಟ್ಟಿದಾರೆ, ಅಲ್ಲಿನ ಡೇಟಾವನ್ನ ಬೇರೆಯವರಿಗೂ ಕೊಡ್ತಾರೆ. ಎಂ.ಟೆಕ್ ಪ್ರಾಜೆಕ್ಟಿಗೇ ಅದನ್ನ ಕೇಳಿ ತರಿಸಿಕೊಳ್ಳಬಹುದು.

ಕಂಪನಿ ಬಗ್ಗೆ ನಾನು ಹೇಳಿದ್ದನ್ನ ಪೂರ್ತಿ ಹಿಂದೆ ತಗೊಳ್ಳಲ್ಲ. ಆದರೆ ಮೇಷ್ಟ್ರಮ್ಮ ಹೇಳಿದ ಮದುವೆಯ ವಿಷಯ ನನ್ನ ಲೆಕ್ಕದಲ್ಲಿ ಇರಲಿಲ್ಲ, ಅದು ನಿಜ. ಹೋಗೋದಾದರೆ ಒಂದು ಮಾಡಿ: ಮೂರನೇ ವರ್ಷದಿಂದಲೇ ಎರಡೂ ಬಾಗಿಲು ತೆರೆದಿಡಿ. ಒಂದು ಬೇಸಿಗೆ ಉದ್ಯಮದಲ್ಲಿ ಇಂಟರ್ನ್‌ಶಿಪ್ ಮಾಡಿ, ಕೋಡ್ ಬೇರೆಯವರು ಓಡಿಸೋ ಹಾಗೆ ಬರೆದಿಡಿ, ಸುರಕ್ಷತಾ ಮಾನದಂಡಗಳನ್ನ ಓದಿ. ನಮ್ಮ ಕಡೆ ವಾಹನ ಸುರಕ್ಷತೆಯ ಮಾನದಂಡ ಐಎಸ್‌ಒ 26262 ಗೊತ್ತಿರೋ ಪಿಎಚ್‌ಡಿಯವರು ಸಿಕ್ಕರೆ ಬಿಡೋದೇ ಇಲ್ಲ. ಯುನಿವರ್ಸಿಟಿ ಕುರ್ಚಿ ಸಿಕ್ಕದಿದ್ದರೂ ನಡುಬೀದಿಯಲ್ಲಿ ನಿಲ್ಲೋ ವಿದ್ಯೆ ಇದಲ್ಲ.


ಮೇಷ್ಟ್ರಮ್ಮ

ನಮ್ಮ ದೇಶದಲ್ಲಿ ಕುರ್ಚಿ ಸಿಕ್ಕೋದೂ ಅಸಾಧ್ಯವೇನಲ್ಲ. ಐಐಟಿಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೊದಲ ದರ್ಜೆಗೆ ಮೂಲವೇತನ 1,01,500ರಿಂದ ಶುರು. ಪಿಎಚ್‌ಡಿ ನಂತರ ಮೂರು ವರ್ಷದ ಅನುಭವ ಕೇಳ್ತಾರೆ, ಅಂದ್ರೆ ಹೆಚ್ಚಿನವರಿಗೆ ಪೋಸ್ಟ್‌ಡಾಕ್ ತಪ್ಪೋದಿಲ್ಲ. ಆಟೊಮ್ಯಾಟಿಕಾ, ಐಟ್ರಿಪಲ್‌ಇ ಟ್ರಾನ್ಸಾಕ್ಷನ್ಸ್‌ನಂಥ ಜರ್ನಲ್‌ಗಳಲ್ಲಿ ನಾಲ್ಕೈದು ಒಳ್ಳೇ ಪೇಪರ್ ಇರಲಿ, ಪ್ರತಿ ವರ್ಷ ಡಿಸೆಂಬರ್‌ನಲ್ಲಿ ನಡೆಯೋ ಕಂಟ್ರೋಲ್‌ನವರ ಸಿಡಿಸಿ ಕಾನ್ಫರೆನ್ಸ್‌ನಲ್ಲಿ ಜನ ನಿನ್ನ ಮುಖ ನೋಡಿರಲಿ. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸೋ ಜರ್ನಲ್‌ಗಳ ಕಡೆ ತಲೆ ಹಾಕಿಯೂ ಮಲಗಬೇಡ, ಯಾರು ಎಷ್ಟೇ ಒತ್ತಾಯ ಮಾಡಿದರೂ.


ಶೋರಾಪುರದ_ಮಗಳು

ಸ್ವೀಡನ್ ಅರ್ಜಿ ಹಾಕ್ಲಿಕ್ಕೇ ನಿರ್ಧಾರ ಮಾಡೀನಿ, ಐಐಎಸ್‌ಸಿ ಕರೆದ್ರ ಅಲ್ಲೂ ಹೋಗ್ತೀನಿ. ಅವ್ವಗ "ಓದಲ್ಲ, ನೌಕರಿ, ಪಗಾರ ಬರ್ತದ" ಅಂತ ಹೇಳಿದೆ. "ಹಂಗಂದ್ರ ಮೊದಲೇ ಹೇಳಬೇಕಿಲ್ಲೇನು" ಅಂದ್ಳು. ಕವರ್ ಲೆಟರ್‌ನ ಮೊದಲ ಸಾಲುಗಳು ಹಿಂಗ ಬರೆದೀನಿ, ನೋಡಿ ಹೇಳ್ರಿ:

"ನಾನು ಚಿಕ್ಕಂದಿನಿಂದಲೂ ಗಣಿತ ಮತ್ತು ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ ಹೊಂದಿದ್ದೇನೆ. ನಿಮ್ಮ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವುದು ನನ್ನ ಕನಸು. ನನ್ನ ಎಂ.ಟೆಕ್ ಪ್ರಾಜೆಕ್ಟ್ ನೀರಾವರಿ ಕಾಲುವೆಗಳಲ್ಲಿ ಸೆನ್ಸರ್ ದಾಳಿ ಪತ್ತೆ ಕುರಿತದ್ದು."


ಉತ್ತರಧ್ರುವ

ಮೊದಲ ಎರಡು ವಾಕ್ಯ ತೆಗೆದುಬಿಡಿ, ಅವು ಎಲ್ಲರ ಅರ್ಜಿಯಲ್ಲೂ ಇರುತ್ತೆ. ಮೂರನೇದರಿಂದ ಶುರು ಮಾಡಿ. ಅದರ ಹಿಂದೆಯೇ ನಿಮ್ಮ ಪತ್ತೆಗಾರ ಯಾವ ದಾಳಿಯನ್ನ ಹಿಡಿಯುತ್ತೆ, ಯಾವುದನ್ನ ಹಿಡಿಯೋಕಾಗಲ್ಲ, ಏಕೆ ಅಂತ ಬರೀರಿ. ಹಿಡಿಯೋಕಾಗದ್ದನ್ನ ಮುಚ್ಚಿಡಬೇಡಿ, ಇಂಟರ್‌ವ್ಯೂನಲ್ಲಿ ಮಾತು ಅಲ್ಲಿಂದಲೇ ಬೆಳೆಯೋದು. ಜಾಹೀರಾತು ಹಾಕಿದ ಪ್ರೊಫೆಸರ್‌ರ ಒಂದು ಪೇಪರ್ ಓದಿ, ಅದರ ಯಾವ ಊಹೆ ನಿಮ್ಮ ಕಾಲುವೆಗೆ ಹೊಂದಲ್ಲ ಅಂತ ಎರಡು ಸಾಲು. ಒಟ್ಟು ಒಂದೇ ಪುಟ ಇರಲಿ. ರೆಫರೆನ್ಸ್ ಕೊಡೋ ಮೇಷ್ಟ್ರಿಗೆ ಇವತ್ತೇ ತಿಳಿಸಿ, ಕೊನೇ ದಿನಾಂಕದ ಹಿಂದಿನ ರಾತ್ರಿ ಕೇಳಿದ್ರೆ ಅವರು ಮಾಮೂಲಿ ನಾಲ್ಕು ಸಾಲು ಬರೆದು ಕಳಿಸಿಬಿಡ್ತಾರೆ.


ಕಾಲುವೆ_ಇಂಜಿನಿಯರ್

ತಂಗಿ, ಹೂಳು ಮುಚ್ಚಿದ ಕೊಳವೆಯ ಅಳತೆ ಮತ್ತು ಅದರ ಪಕ್ಕದಲ್ಲೇ ನಾವು ಕೈಯಿಂದ ಗೇಜ್ ಹಿಡಿದು ನೋಡಿದ ಅಳತೆ, ಎರಡೂ ನನ್ನ ಪುಸ್ತಕದಲ್ಲಿ ಬರೆದಿಟ್ಟಿದೀನಿ. ಮೇಲಿನವರ ಅನುಮತಿ ಕೇಳ್ತೀನಿ. ಸಿಕ್ಕರೆ ಜಾಗದ ಹೆಸರು ತೆಗೆದು ಕಳಿಸ್ತೀನಿ. ನಿಮ್ಮ ಪತ್ತೆಗಾರ ಅದನ್ನ ದಾಳಿ ಅಂತ ಕೂಗುತ್ತೋ, ಹೂಳು ಅಂತ ಗುರುತಿಸುತ್ತೋ, ಓಡಿಸಿ ನೋಡಿ ಇಲ್ಲೇ ತಿಳಿಸಿ.